ಪಾರ್ಕಿನಲ್ಲಿ ಬೆನ್ನು ತಟ್ಟಿದವರು

ತೀರಿಕೊಳ್ಳುವ ಹಿಂದಿನ ದಿನ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಾ, ಹುಣಸೂರಿನಲ್ಲಿರುವ ತನ್ನ ತಂಗಿಯನ್ನು ನೋಡಿ ಬರೋಣ ಎಂದಿದ್ದಳು. ಈಗ ಒಬ್ಬನೇ ಬಂದಿದ್ದೇನೆ.

ಬೆಳಿಗ್ಗೆ ಆ ತಂಗಿಯ ಮನೆ ಹತ್ತಿರದ ಪಾರ್ಕಿನ ಮಂಜಿನಲ್ಲಿ ವಯಸ್ಸಾದವರು ದುಂಡಗೆ ನಿಂತು ನಿಧಾನವಾಗಿ ಕೈ ಎತ್ತುತ್ತಿದ್ದರು. ಮುಖ ಕಾಣದೆ ಕೈಗಳಷ್ಟೇ ತೇಲುತ್ತಿದ್ದವು. ವ್ಯಾಯಾಮ ಹೇಳಿಕೊಡುತ್ತಿದ್ದವರು ನಿವೃತ್ತ ಬಸ್ ಕಂಡಕ್ಟರ್. "ರೈಟ್" ಎಂದರೆ ಶುರು, "ಓಲ್ಡಾನ್" ಎಂದರೆ ನಿಲ್ಲಿಸಬೇಕು.

"ಬನ್ನಿ ಸ್ವಾಮಿ, ಸೀಟದೆ. ಟಿಕೆಟ್ ಕೇಳಕಿಲ್ಲ!" ಎಂದು ನನ್ನನ್ನೂ ಕರೆದರು. ಎಲ್ಲರೂ ನಕ್ಕರು. ಸಂಕೋಚದಿಂದಲೇ ಹೋಗಿ ನಿಂತೆ.

ಕೊನೆಗೆ ಎಲ್ಲರೂ ಬಲಕ್ಕೆ ತಿರುಗಿ ಮುಂದಿನವರ ಬೆನ್ನು ತಟ್ಟಬೇಕಿತ್ತು. ನನ್ನ ಹಿಂದಿದ್ದ ಹಿರಿಯರು ಮೆತ್ತಗೆ ತಟ್ಟುತ್ತಾ, "ಯಾಕಣ್ಣ, ಮೈಯ ಇಂಗೆ ಬಿಗಿ ಇಡ್ಕಂಡಿದ್ದೀರಿ? ಸಡ್ಲ ಬುಡಿ" ಎಂದರು.

ತಟ್ಟುವುದು ನಿಂತ ಮೇಲೂ ನಾನು ತಿರುಗದೆ ಹಾಗೇ ನಿಂತಿದ್ದೆ. ಮನೆಯಲ್ಲಿ ಈಗ ನನ್ನನ್ನು ಮುಟ್ಟುವವರು ಯಾರೂ ಇಲ್ಲ.