ತಳದಲ್ಲಿ ಕೂತ ನೊಣಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ಇಪ್ಪತ್ತೆರಡು ವರ್ಷದಿಂದ, ಅಲ್ಲಿ ಸಂಶೋಧನೆಗೆಂದು ಸಾಕಿದ ಹಣ್ಣಿನ ನೊಣಗಳಿಗೆ ಅಡುಗೆ ಮಾಡುತ್ತಿದ್ದಳು. ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಹಾಕಿ ಗಂಜಿ ಕಾಯಿಸುವುದು, ಬೆರಳುದ್ದದ ಸೀಸೆಗಳಿಗೆ ಸುರಿಯುವುದು, ಆರಿದ ಮೇಲೆ ಹತ್ತಿಯ ಬಿರಡೆ ಹಾಕುವುದು. ಉಂಡವರು ಯಾರೂ ಇದುವರೆಗೆ ಉಪ್ಪು ಕಮ್ಮಿ ಎಂದಿರಲಿಲ್ಲ.

ಒಂದು ಸೋಮವಾರ ಸಂಶೋಧನೆ ಮಾಡುವ ಹುಡುಗಿ ಒಂದು ಸೀಸೆ ಹಿಡಿದು ಬಂದಳು. ಸೀಸೆಯನ್ನು ಮೇಜಿಗೆ ಕುಟ್ಟಿದರೆ ನೊಣಗಳು ತಳಕ್ಕೆ ಬಿದ್ದು, ಮರುಕ್ಷಣ ಗಾಜು ಹಿಡಿದು ಮೇಲೆ ಹತ್ತುತ್ತವೆ. ಇವು ಬಿದ್ದಲ್ಲೇ ಕೂತಿದ್ದವು.

"ಅಕ್ಕಾ, ಊಟದಲ್ಲೇ ಏನೋ ಎಡವಟ್ಟಾಗಿದೆ."

"ಪಕ್ಕದ ಸೀಸೆಗೂ ಅದೇ ಪಾತ್ರೆಯಿಂದ ಸುರಿದಿದ್ದು. ಅವು ಹತ್ತುತ್ತಿಲ್ವಾ?"

ಪ್ರಯೋಗಾಲಯದ ಮುಖ್ಯಸ್ಥರು ಪಕ್ಕದ ಸೀಸೆ ನೋಡಲಿಲ್ಲ. ಹೊರಗಿನಿಂದ ನೊಣದ ಸಿದ್ಧ ಆಹಾರದ ಪುಡಿ ಡಬ್ಬಿ ತರಿಸಿ, ಅಕ್ಕನನ್ನು ಸೀಸೆ ತೊಳೆಯಲು ಹಾಕಿದರು. ಸುದ್ದಿ ಮನೆ ಮುಟ್ಟಿತು.

"ಏನತ್ತಿಗೆ, ನೊಣಾನೂ ನಿಮ್ಮ ಅಡುಗೆ ಬೇಡ ಅಂತಂತೆ?" ಎಂದಳು ನಾದಿನಿ, ಎರಡನೇ ಸಲ ಬಡಿಸಿಕೊಳ್ಳುತ್ತಾ. ಅಕ್ಕನ ಗಂಡ ನಗಲಿಲ್ಲ. ತಟ್ಟೆಯ ಕಡೆ ಬಗ್ಗಿ ಕೆಮ್ಮಿದ.

ಅಕ್ಕ ದಿನಾ ಸೀಸೆ ತೊಳೆದು ಮುಗಿಸಿ ಹುಡುಗಿಯ ಮೇಜಿನ ಹತ್ತಿರ ನಿಲ್ಲುವಳು. "ಪುಡಿ ತಿಂದ್ವಾ? ಹತ್ತಿದ್ವಾ?"

ಪುಡಿ ತಿಂದವೂ ಹತ್ತಲಿಲ್ಲ. ಅವುಗಳ ಮಕ್ಕಳೂ ಹತ್ತಲಿಲ್ಲ, ಮೊಮ್ಮಕ್ಕಳೂ ಹತ್ತಲಿಲ್ಲ. ಹುಡುಗಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಕುತೂಹಲ ಹುಟ್ಟಿತು. ಎಂಟು ತಿಂಗಳು ಹುಡುಕಿ, ಅಲ್ಲಿಯವರೆಗೆ ಹೆಸರಿಲ್ಲದೆ ಬರೀ ಸಂಖ್ಯೆಯಾಗಿ ಬಿದ್ದಿದ್ದ ಒಂದು ಜೀನ್ ಅವುಗಳಲ್ಲಿ ಕೆಟ್ಟಿದೆ ಎಂದು ಪತ್ತೆ ಮಾಡಿದಳು.

ಇನ್ನು ಅದಕ್ಕೊಂದು ಹೆಸರು ಬೇಕು. ನೊಣದ ಜೀನ್‌ಗಳನ್ನೆಲ್ಲ ಪಟ್ಟಿ ಮಾಡಿಟ್ಟ ಡೇಟಾಬೇಸಿನ ಅರ್ಜಿಯಲ್ಲಿ ಎರಡು ಖಾನೆಗಳಿದ್ದವು: ಹೆಸರು, ಕಾರಣ. ಜೀನ್ ಕೆಟ್ಟಾಗ ನೊಣಕ್ಕೆ ಏನಾಗುತ್ತದೋ ಅದನ್ನೇ ಹೆಸರಾಗಿಡುವುದು ಈ ಕೆಲಸದವರ ರೂಢಿ.

"ನಿಮ್ಮ ಹೆಸರೇ ಇಡ್ತೀನಿ ಅಕ್ಕಾ. ನಾನು ಮಾಡಿದ ತಪ್ಪಿಗೆ."

"ಬೇಡಮ್ಮಾ ತಾಯಿ! ಅಕ್ಕ ಕೆಟ್ಟಿದ್ದಕ್ಕೇ ನೊಣ ಹತ್ತಲಿಲ್ಲ ಅಂತ ದೇಶದೇಶದವರು ಬರ್ಕೊಳ್ತಾರೆ. ನನ್ನಿಂದಲ್ಲ ಅಂತ ಹೇಳೋಕೇ ತಾನೇ ಎಂಟು ತಿಂಗಳು ಇಲ್ಲಿ ನಿಂತಿದ್ದು?"

"ಮತ್ತೇನಿಡ್ಲಿ?"

"ಊಟ ಚೆನ್ನಾಗಿತ್ತು ಅಂತ ಇಡು."

ಹುಡುಗಿ ಹಾಗೆಯೇ ಕಳಿಸಿದಳು. ಮೂರು ದಿನಕ್ಕೆ ಉತ್ತರ ಬಂತು: ಹೆಸರು ನೊಣದ ದೋಷವನ್ನು ಹೇಳಬೇಕು, ಅಡುಗೆಯ ಗುಣವನ್ನಲ್ಲ. ಕೊನೆಗೆ 'ಕೂತಲ್ಲೇ' ಎಂದಾಯಿತು. ಕಾರಣದ ಖಾನೆಯನ್ನು ಮಾತ್ರ ಅಕ್ಕ ಪಕ್ಕದಲ್ಲಿ ನಿಂತು ಬರೆಸಿದಳು: 'ಈ ಜೀನ್ ಕೆಟ್ಟ ನೊಣ, ಒಳ್ಳೆಯ ಆಹಾರ ತಿಂದರೂ, ಮೇಲೆ ಹತ್ತದೆ ಕೂತಲ್ಲೇ ಕೂರುತ್ತದೆ.'

ಈ ಕೊನೆಯ ಅರ್ಜಿಗೆ ಮುಖ್ಯಸ್ಥರ ಸಹಿ ಬೇಕಿತ್ತು. 'ಒಳ್ಳೆಯ' ಎಂಬಲ್ಲಿ ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹೊಡೆದುಹಾಕಲಿಲ್ಲ. ಸಹಿ ಮಾಡಿ, ಕಿಟಕಿಯ ಕಡೆ ನೋಡುತ್ತಾ, "ಪುಡಿ ಡಬ್ಬಿ ಇನ್ನು ತರಿಸಬೇಡಿ" ಎಂದರು.

ಆ ಮಧ್ಯಾಹ್ನವೇ ಅಕ್ಕ ಒಲೆಯ ಮುಂದೆ ನಿಂತಳು. ಇಷ್ಟು ದಿನ ಪುಡಿ ಕಾಯಿಸಿದ್ದ ತನ್ನ ಪಾತ್ರೆಯೊಳಗೆ ಇಣುಕಿ, "ಯಾರ್ರೀ ಇದರ ತಳ ಹಿಡಿಸಿದ್ದು?" ಎಂದು ಕೇಳಿದಳು.