ದುಬೈನಿಂದ ಹೋದ ಒಂದು ಓಟು

ಕಳೆದ ತಿಂಗಳು ಆಫೀಸಿನ ಹಳೆ ಡ್ರಾಯರ್ ಖಾಲಿ ಮಾಡುವಾಗ ಕಂಪನಿಯ ದುಂಡು ಸೀಲು ಸಿಕ್ಕಿತು. ಈಗ ಕಾಗದಪತ್ರವೆಲ್ಲ ಫೋನಿನಲ್ಲೇ ಮುಗಿಯುವುದರಿಂದ ಅದನ್ನು ಕೇಳುವವರಿಲ್ಲ. ಜೊತೆಗಿದ್ದ ಇಂಕ್ ಪ್ಯಾಡಿನ ಮುಚ್ಚಳ ತೆಗೆದೆ. ಒಣಗಿಹೋಗಿದ್ದರೂ ಅದರ ನೇರಳೆ ಇಂಕು ಇನ್ನೂ ವಾಸನೆ ಬಿಡುತ್ತಿತ್ತು, ಸ್ವಲ್ಪ ಸ್ಪಿರಿಟ್ಟು, ಸ್ವಲ್ಪ ಹಳೆ ಔಷಧಿ... ಆ ವಾಸನೆಗೆ ಕೆನಡಾದವರು ನೆನಪಾದರು.

ಕೆನಡಾದವರು ಎಂದರೆ ನಮ್ಮ ವರ್ಕ್‌ಶಾಪಿನ ಫೋರ್‌ಮನ್. ಉಡುಪಿ ಕಡೆಯವರು, ಮನೆಮಾತು ತುಳು. ನಾನು ಹೊನ್ನಾವರದವಳು, ಅದೇ ಕಂಪನಿಯ ಸೆಕ್ರೆಟರಿ. ನಮ್ಮಿಬ್ಬರ ನಡುವೆ ಕನ್ನಡ ನಡೆಯುತ್ತಿತ್ತು. ಅವರು ಕೆನಡಾದ ಬಯಲುಸೀಮೆಯ ಒಂದು ಪುಟ್ಟ ಪೇಟೆಯಲ್ಲಿ ಗೋಧಿ ಕೊಯ್ಯುವ ಯಂತ್ರಗಳನ್ನು ವರ್ಷಗಟ್ಟಲೆ ರಿಪೇರಿ ಮಾಡಿ, ಅಲ್ಲಿನ ಪೌರತ್ವ ಪಡೆದು, ಪಾಸ್‌ಪೋರ್ಟ್ ಕೈಗೆ ಬಂದದ್ದೇ ದುಬೈಗೆ ಬಂದಿದ್ದರು. ಗಲ್ಫಿನಲ್ಲಿ ಪಾಸ್‌ಪೋರ್ಟಿನ ಬಣ್ಣ ನೋಡಿ ಸಂಬಳ ಕೊಡುತ್ತಾರೆ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದೇ ಕೈ, ಅದೇ ಸ್ಪ್ಯಾನರು, ಪುಸ್ತಕ ಮಾತ್ರ ಬೇರೆ. ನಮ್ಮ ಹೊಟ್ಟೆ ಉರಿಯಲು ಅಷ್ಟೇ ಸಾಕಿತ್ತು. ಆದರೆ ಅವರು ಅಷ್ಟಕ್ಕೇ ಬಿಡಬೇಕಲ್ಲ.

ಊಟದ ಹೊತ್ತಿಗೆ ಟಿಫಿನ್ ಬಿಚ್ಚಿದರೆ ಸಾಕು, ‘ನನ್ನ ಕ್ಷೇತ್ರ’ ಶುರುವಾಗುತ್ತಿತ್ತು. ಕ್ಷೇತ್ರ ಎಂದರೆ ಧರ್ಮಸ್ಥಳವಲ್ಲ, ಅವರ ಪಾರ್ಲಿಮೆಂಟಿನ ಚುನಾವಣಾ ಕ್ಷೇತ್ರ. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರು ಓಡಿಸಲು ಇಡೀ ದಿನ ಬೇಕಂತೆ. ನಡುವೆ ಗೋಧಿ, ಸಾಸಿವೆಯಂಥ ಹಳದಿ ಹೂವಿನ ಹೊಲ, ಧಾನ್ಯ ತುಂಬಿಡುವ ಎತ್ತರದ ಗೋಪುರ, ಒಂದು ಚರ್ಚು, ಮತ್ತೆ ಗೋಧಿ. ಪೇಟೆ ಎನ್ನುವುದರಲ್ಲಿ ದುಬೈಯ ಕರಾಮ ಬಡಾವಣೆಯ ನಾಲ್ಕು ಬಿಲ್ಡಿಂಗಿನ ಜನವೂ ಇಲ್ಲ. ಅಲ್ಲಿನ ಮತದಾರರ ಮೇಲೆ ಅವರಿಗಿದ್ದ ತಾತ್ಸಾರಕ್ಕೆ ಲೆಕ್ಕವೇ ಇರಲಿಲ್ಲ. ಅಜ್ಜ ಯಾವ ಪಕ್ಷಕ್ಕೆ ಹಾಕಿದನೋ ಅಪ್ಪನೂ ಅದಕ್ಕೇ, ಮಗನೂ ಅದಕ್ಕೇ. ಚಳಿಗಾಲವಿಡೀ ಕಾಫಿ ಅಂಗಡಿಯಲ್ಲಿ ಕೂತು ತಾವೇ ಗೆಲ್ಲಿಸಿದ ಎಂಪಿಯನ್ನು ಬೈಯುವುದು, ಚುನಾವಣೆ ಬಂದಾಗ ಅವನಿಗೇ ಒತ್ತುವುದು. ಅವನೋ, ಬೇಸಿಗೆಯಲ್ಲೊಮ್ಮೆ ಬಂದು ಏಪ್ರನ್ ಕಟ್ಟಿಕೊಂಡು ಜನರಿಗೆ ನಾಲ್ಕು ದೋಸೆಯಂಥದ್ದು ಮಗುಚಿ ಹಾಕಿ, ಫೋಟೊ ತೆಗೆಸಿಕೊಂಡು ಹೋದರೆ ಮುಗಿಯಿತು. ಲೈಟುಕಂಬ ನಿಲ್ಲಿಸಿದರೂ ಗೆಲ್ಲಿಸುವ ಜನ ಎನ್ನುತ್ತಿದ್ದರು. ಲೈಟುಕಂಬ ನೋಡಲು ಕೆನಡಾದವರೆಗೆ ಯಾಕೆ ಹೋಗಬೇಕಿತ್ತು, ಉಡುಪಿಯಲ್ಲೇ ಬಸ್ಸಿಂದ ಇಳಿದು ನೋಡಬಹುದಿತ್ತಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಇನ್ನೊಂದು ತಮಾಷೆ ಎಂದರೆ, ಆ ಕ್ಷೇತ್ರದ ಬಗ್ಗೆ ಅಷ್ಟು ಭಾಷಣ ಬಿಗಿಯುತ್ತಿದ್ದ ಈ ಮಹಾಶಯರು ಅಲ್ಲಿ ಒಂದು ಸಲವೂ ಓಟು ಹಾಕಿರಲಿಲ್ಲ. ಪೌರತ್ವ ಸಿಗುವಾಗ ಅಲ್ಲಿನ ಚುನಾವಣೆ ಮುಗಿದಿತ್ತು. ಮುಂದಿನದು ಬರುವಷ್ಟರಲ್ಲಿ ಇವರು ನಮ್ಮ ವರ್ಕ್‌ಶಾಪಿದ್ದ ಅಲ್‌ಕೂಜ್‌ನ ಧೂಳಿನಲ್ಲಿ ಜೆಸಿಬಿಯ ಕೆಳಗೆ ಮಲಗಿದ್ದರು.

ನಾನು ಮರೆಯದ ದಿನ ಒಂದಿದೆ. ನಮ್ಮ ದೇಶದಲ್ಲಿ ಲೋಕಸಭೆ ಚುನಾವಣೆ ನಡೆಯುತ್ತಿದ್ದ ವರ್ಷ. ಊಟದ ಮೇಜಿನಲ್ಲಿ ಎಲ್ಲರದೂ ಒಂದೇ ಗಲಾಟೆ. ಊರಿನ ಮತದಾರರ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿದ್ದಾರೆಂದು ಅಮ್ಮ ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದಳು. ಬೇಸರದಲ್ಲಿ ನಾನದನ್ನು ಬಾಯಿಬಿಟ್ಟೆ. ಕೆನಡಾದವರು ಮೀನಿನ ಮುಳ್ಳು ತೆಗೆಯುತ್ತಾ ತಲೆ ಎತ್ತದೆಯೇ ಹೇಳಿದರು:

“ಮತ್ತೆ ನೀನು ಎಂತ ಚರ್ಚೆ ಮಾಡುದು ಮಾರಾಯ್ತಿ? ಇಲ್ಲಿ ಓಟಿಲ್ಲ, ಊರಲ್ಲಿ ಹೆಸರಿಲ್ಲ. ಎಲ್ಲಿಯೂ ಲೆಕ್ಕಕ್ಕೆ ಸಿಗದ ಜನ ನೀವು.”

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಪ್ಯಾಂಟ್ರಿಗೆ ಹೋಗಿ ಟಿಫಿನ್ ಡಬ್ಬಿಯನ್ನು ತುಂಬಾ ಹೊತ್ತು ತೊಳೆದೆ.

ಮರುವರ್ಷ, 2015ರಲ್ಲಿ, ಕೆನಡಾದಲ್ಲಿ ಚುನಾವಣೆ ಬಂತು. ದೇಶ ಬಿಟ್ಟು ಐದು ವರ್ಷ ದಾಟಿದವರಿಗೆ ಆಗ ಅಲ್ಲಿ ಓಟು ಇರಲಿಲ್ಲ. ಇವರಿಗೆ ನಾಲ್ಕು ತುಂಬಿತ್ತು. ಇದು ತಪ್ಪಿದರೆ ಇನ್ನು ಇಲ್ಲ ಎಂದು ಟಪಾಲಿನಲ್ಲಿ ಮತ ಹಾಕಲು ಅರ್ಜಿ ಕಳಿಸಿದರು. ಇಲ್ಲಿ ಮನೆ ಬಾಗಿಲಿಗೆ ಪೋಸ್ಟ್‌ಮನ್ ಬರುವುದಿಲ್ಲ, ಏನು ಬಂದರೂ ಕಂಪನಿಯ ಪೋಸ್ಟ್ ಬಾಕ್ಸಿಗೇ. ಅದರ ಕೀಲಿ ನನ್ನ ಹತ್ತಿರ. ಎರಡು ವಾರ ದಿನಕ್ಕೆರಡು ಸಲ ನನ್ನ ಮೇಜಿಗೆ ಬಂದು, ಬಂತಾ, ಬಂತಾ ಎಂದು ಕೇಳುತ್ತಿದ್ದರು. ಗ್ರೀಸು ಕೈಯಲ್ಲಿ ಮುಟ್ಟಿ ನನ್ನ ಫೈಲುಗಳೆಲ್ಲ ಕಪ್ಪಾದವು.

ಕಡೆಗೂ ಅದು ಬಂತು. ಬಂದ ಕಾಗದವನ್ನೆಲ್ಲ ಓದುವುದು ನನ್ನ ಕೆಲಸ, ಅಭ್ಯಾಸವೂ ಹೌದು. ಅವರು ಕವರು ಬಿಚ್ಚಿ ಮೇಜಿನ ಮೇಲೆ ಹರಡುವಷ್ಟರಲ್ಲಿ ಸೂಚನೆಯ ಹಾಳೆಯನ್ನು ನಾನು ಓದಿ ಮುಗಿಸಿದ್ದೆ. ಮತಪತ್ರದಲ್ಲಿ ಪಕ್ಷವಿಲ್ಲ, ಚಿಹ್ನೆಯಿಲ್ಲ, ಬರೀ ಒಂದು ಖಾಲಿ ಗೆರೆ. ಅಭ್ಯರ್ಥಿಯ ಹೆಸರನ್ನು ನಾವೇ ಬರೆಯಬೇಕು. ಅದನ್ನು ಒಂದು ಕವರಿನೊಳಗೆ, ಆ ಕವರನ್ನು ಇನ್ನೊಂದರೊಳಗೆ ಹಾಕಬೇಕು. ಸಹಿ ಹೊರಗಿನ ಕವರಿಗೆ ಮಾತ್ರ. ಮತ ಯಾರದೆಂದು ಗೊತ್ತಾಗುವ ಯಾವ ಗುರುತು ಮತಪತ್ರದ ಮೇಲಿದ್ದರೂ ಅದು ತಿರಸ್ಕೃತ.

ಕೆನಡಾದವರು ಇದನ್ನು ಓದಲಿಲ್ಲ. ಇಂಜಿನ್ ಬಿಚ್ಚಿ ಜೋಡಿಸುವ ಮನುಷ್ಯನಿಗೆ ಫಾರ್ಮು ಎಂದರೆ ಆಗದು. ಎಡಗೈ ಅಡ್ಡ ಹಿಡಿದು ದೊಡ್ಡ ಅಕ್ಷರಗಳಲ್ಲಿ ಒಂದು ಹೆಂಗಸಿನ ಹೆಸರು ಬರೆದರು. ಬರೆದು ನೋಡಿದರು. ಏನೋ ಕಡಿಮೆಯಾದ ಹಾಗೆ ಅನಿಸಿರಬೇಕು. ಅನಿಸದೆ ಇರುತ್ತದೆಯೇ? ಸೀಲಿಲ್ಲದೆ ಈ ಊರಿನಲ್ಲಿ ಯಾವ ಕಾಗದ ನಡೆಯುತ್ತಿತ್ತು? ಮನೆ ಬಾಡಿಗೆಗೆ ಸೀಲು, ಸಂಬಳದ ಪತ್ರಕ್ಕೆ ಸೀಲು, ಮಗುವಿಗೆ ಜ್ವರ ಬಂದಿತ್ತು ಎನ್ನುವುದಕ್ಕೂ ಸೀಲು.

“ಇದಕ್ಕೆ ಸೈನ್ ಹಾಕಿ ಸೀಲ್ ಒತ್ತಲಿಕ್ಕೆ ಉಂಟಾ? ಇಲ್ಲಾಂದ್ರೆ ಯಾರೋ ಬರ್ದದ್ದು ಅಂತ ಬಿಸಾಡಿದ್ರೆ?” ಎಂದು ಕೇಳಿದರು.

ಸೂಚನೆಯ ಹಾಳೆ ನನ್ನ ಅಂಗೈ ಕೆಳಗೇ ಇತ್ತು.

“ಒತ್ತಿದ್ರೆ ಒಳ್ಳೇದು ಅಂಕಲ್,” ಎಂದೆ.

ಅವರು ಮತಪತ್ರದ ಮೇಲೇ ಸಹಿ ಹಾಕಿ, ಕೆಳಗೆ ಪಾಸ್‌ಪೋರ್ಟ್ ನಂಬರನ್ನೂ ಬರೆದರು. ಸೀಲು ನಾನೇ ಒತ್ತಿದೆ, ಎಲ್ಲೂ ಹರಡದಂತೆ, ನೀಟಾಗಿ. ಕೊರಿಯರಿನವನನ್ನು ಕರೆಸಿದವಳೂ ನಾನೇ. ಅವರು ಸಂಜೆ ಕರಾಮದ ಹೋಟೆಲಿನಿಂದ ನನಗೆ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ತುಂಬಾ ಖುಷಿಯಾಗಿತ್ತು. ಈಗ ನೀವೂ ಲೆಕ್ಕಕ್ಕೆ ಸಿಗದವರೇ ಎಂದುಕೊಂಡು ಗೋಳಿಬಜೆಯನ್ನು ಬಿಸಿಯಿರುವಾಗಲೇ ತಿಂದೆ.

ಫಲಿತಾಂಶ ಬಂದ ದಿನ ಬೆಳಿಗ್ಗೆ ಅವರು ಫೋನು ಹಿಡಿದುಕೊಂಡು ಸೀದಾ ನನ್ನ ಹತ್ತಿರ ಬಂದರು. ದೇಶದಲ್ಲಿ ಸರ್ಕಾರವೇ ಬದಲಾಗಿದ್ದರೂ ಅವರ ಕ್ಷೇತ್ರದಲ್ಲಿ ಲೈಟುಕಂಬವೇ ಗೆದ್ದಿತ್ತು. ಇವರು ಬರೆದಿದ್ದ ಹೆಂಗಸಿನ ಹೆಸರು ತೀರಾ ಕೆಳಗೆ. ಅದರ ಎದುರಿನ ಅಂಕೆ ಏಳರಲ್ಲಿ ಮುಗಿಯುತ್ತಿತ್ತು. ಅವರು ಆ ಏಳರ ಮೇಲೆ ಬೆರಳಿಟ್ಟರು.

“ಈ ಏಳರಲ್ಲಿ ಕೊನೇದು ನಂದು. ಎಲ್ಲಕ್ಕಿಂತ ದೂರದಿಂದ ಹೋದದ್ದು.”

ಯಾರಂಕಲ್ ಈಕೆ ಎಂದು ಕೇಳಿದೆ. ಕೇಳಬಾರದಿತ್ತು. ಆ ಪೇಟೆಯ ಸ್ಕೂಲ್ ಬಸ್ ಓಡಿಸುತ್ತಿದ್ದವಳಂತೆ. ಅವರ ಹೆಂಡತಿ ಕೊನೆಯ ಕಾಯಿಲೆ ಬಿದ್ದದ್ದು ಹಿಮ ಬೀಳುವ ಕಾಲದಲ್ಲಿ. ಆಂಬ್ಯುಲೆನ್ಸಿನವರು ಬರಲಾಗದು ಎಂದಾಗ ಆಕೆ ಆ ಹಳದಿ ಬಸ್ಸನ್ನೇ ಮನೆ ಮುಂದೆ ತಂದು ನಿಲ್ಲಿಸಿ, ಇಬ್ಬರನ್ನೂ ಹತ್ತಿಸಿಕೊಂಡು, ಇರುವೆ ಹರಿದ ಹಾಗೆ ಓಡಿಸುತ್ತಾ ನಗರದ ಆಸ್ಪತ್ರೆ ಮುಟ್ಟಿಸಿದ್ದಳು. ಹೆಂಡತಿ ಉಳಿಯಲಿಲ್ಲ. ಇಂಥ ಬಸ್ ಪ್ರಯಾಣ ಆ ಪೇಟೆಯ ಅರ್ಧ ಮನೆಗಳಿಗೆ ಆಕೆಯಿಂದ ಆಗಿತ್ತು. ಒಳ್ಳೆಯ ಹೆಂಗಸು ಎನ್ನದವರು ಒಬ್ಬರಿಲ್ಲ. ಓಟು ಮಾತ್ರ ಲೈಟುಕಂಬಕ್ಕೆ. ಹೇಳುತ್ತಾ ಹೇಳುತ್ತಾ ಕೆನಡಾದವರ ದನಿ ಸಣ್ಣದಾಯಿತು... ನಾನು ಜಂಬ ಎಂದುಕೊಂಡಿದ್ದ ಆ ತಾತ್ಸಾರದ ಬೇರು ಅಲ್ಲಿತ್ತು. ನಿಮಗೆ ಒಂದು ಓಟು ದುಬೈನಿಂದ ಬಂದಿದೆ ಎಂದು ಆಕೆಗೆ ಆಗಲೇ ಬರೆದು ಹಾಕಿದ್ದರಂತೆ.

ಆಗ ಹೇಳಬಹುದಿತ್ತು. ಆಮೇಲೂ ಮೂರು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದೆವು. ಪ್ರತಿದಿನವೂ ಹೇಳಬಹುದಿತ್ತು. ಅಜ್ಜ ಹಾಕಿದ್ದಕ್ಕೇ ಹಾಕುವ ಆ ಗೋಧಿಹೊಲದ ಮೊದ್ದುಗಳಿಗೆ ಕಡೇಪಕ್ಷ ತಾವು ಏನು ಮಾಡುತ್ತಿದ್ದೇವೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಂಡೇ ಮಾಡಿದ್ದೆ. ಅವರೆಲ್ಲರಿಗಿಂತ ಕಡೆ ನಾನು.

ನಿವೃತ್ತಿಯಾಗಿ ಅವರು ಮಗಳ ಮನೆಗೆ, ಅದೇ ಬಯಲಿಗೆ ವಾಪಸು ಹೋದರು. ಅಲ್ಲಿಗೆ ಹೋದ ಆ ವರ್ಷವೇ ತೀರಿಕೊಂಡರು. ಮಗಳು ಫೋನು ಮಾಡಿದ್ದಳು. ಕನ್ನಡ ಬಾರದ ಹುಡುಗಿ, ಇಂಗ್ಲಿಷಿನಲ್ಲೇ ಮಾತಾಡಿದಳು. ಅಪ್ಪ ಬದುಕಿನಲ್ಲಿ ಹಾಕಿದ್ದು ಅದೊಂದೇ ಓಟು, ದುಬೈಯಲ್ಲಿ ಒಬ್ಬಳು ಹುಡುಗಿ ಸಹಾಯ ಮಾಡಿದಳು ಎಂದು ಎಲ್ಲರ ಹತ್ತಿರ ಹೇಳುತ್ತಿದ್ದರು, ಅದು ನೀವೇ ತಾನೆ ಎಂದು ಕೇಳಿದಳು. ಬಸ್ಸು ಓಡಿಸುತ್ತಿದ್ದ ಆ ಹೆಂಗಸೂ ಮಣ್ಣಿಗೆ ಬಂದಿದ್ದಳಂತೆ, ದೂರದಿಂದ ಬಂದ ಆ ಒಂದು ಓಟಿನ ವಿಷಯ ಹೇಳಿ ಅತ್ತಳಂತೆ.

ಹೌದಮ್ಮ, ನಾನೇ ಎಂದೆ. ಆಕೆ ಥ್ಯಾಂಕ್ಸ್ ಹೇಳಿದಳು. ನಾನು ಅದನ್ನೂ ತೆಗೆದುಕೊಂಡೆ.