ಮೂರನೇ ಕೂಗು

ಗಾಳಿ, ದೆವ್ವ, ಶಕುನ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಾನು ಮಾತು ಕಲಿತದ್ದು ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಮಗ್ಗುಲಲ್ಲಿ ಕೂತು. ಅವಳ ಕತೆಗಳನ್ನು ಬಾಯಿ ತೆರೆದು ಕೇಳುತ್ತಿದ್ದೆ, ನಡುನಡುವೆ ಹೇಳುತ್ತಿದ್ದ ಕಟ್ಟಳೆಗಳನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಹೊಳೆ ದಂಡೆಯಲ್ಲಿ ಯಾರಾದರೂ ಕಾಣದೆ ನಿಂತು ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓ ಅನ್ನಬಾರದು, ಎರಡನೆಯದಕ್ಕೂ ಅನ್ನಬಾರದು. “ಗಾಳಿ ಎರಡೇ ಸರ್ತಿ ಕರಿತದ ಮಗಾ. ಮೂರನೇ ಸರ್ತಿ ಕರದ್ರ ಮನಷ್ಯಾನೇ ಅಂತ ತಿಳಕೋ” ಎನ್ನುತ್ತಿದ್ದಳು. ಗಾಳಿಗೆ ಎರಡರ ತನಕ ಮಾತ್ರ ಎಣಿಕೆ ಬರುತ್ತದೇನು ಎಂದು ನಾನು ಕಾಡಿಸುತ್ತಿದ್ದೆ.

ನಾನು ಸೇಡಂನವನು. ನನ್ನ ಗೆಳೆಯ ಮಲ್ಲಣ್ಣ ಮಳಖೇಡದವನು, ನನಗಿಂತ ಐದಾರು ವರ್ಷ ಸಣ್ಣವನು, ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಹಕ್ಕಿ ನೋಡುವ ಹುಚ್ಚು ನಮ್ಮಿಬ್ಬರನ್ನು ಒಂದು ಮಾಡಿತ್ತು. ಚಳಿಗಾಲಕ್ಕೆ ಬರುವ ಕರ್ಕರ ಕೊಕ್ಕರೆಗಳ ಹಿಂದೆ ಚಿಂಚೋಳಿಯ ಕೆರೆಗಳ ತನಕ ಬೈಕಿನಲ್ಲಿ ಅಲೆದವರು ನಾವು. ಕೆಲವು ವರ್ಷಗಳ ಹಿಂದೆ, ಹೋಳಿ ಮುಗಿದ ಮೇಲೆ, ಕಡಲ ಹಕ್ಕಿಗಳು ಉತ್ತರಕ್ಕೆ ಮರಳುವ ಮುನ್ನ ಒಮ್ಮೆ ನೋಡಿಬರೋಣ ಎಂದು ವಾಡಿಯಲ್ಲಿ ರೈಲು ಹತ್ತಿದೆವು.

ನನಗಾಗ ದನಿಯೇ ಇರಲಿಲ್ಲ. ಕಾಮಣ್ಣನನ್ನು ಸುಡುವಾಗ ಬಾಯಿ ಬಡಿದುಕೊಂಡು ಕೂಗುವುದು ನಮ್ಮ ಕಡೆಯ ರೂಢಿ. ಓಣಿಯ ಹುಡುಗರ ಸರಿಸಮ ಕೂಗಲು ಹೋಗಿ ಗಂಟಲು ಪೂರ್ತಿ ಕಟ್ಟಿತ್ತು. ಏನು ಹೇಳಬೇಕಾದರೂ ಪಿಸುಗುಡಬೇಕು. “ಛಲೋ ಆತು ಬಿಡ್ರಿ ಅಣ್ಣಾ, ಈ ಸರ್ತಿ ಹಕ್ಕಿ ಹಾರಿ ಹೋಗಂಗಿಲ್ಲ” ಎಂದು ಮಲ್ಲಣ್ಣ ದಾರಿಯುದ್ದಕ್ಕೂ ನಗಾಡಿದ.

ನದಿಯೊಂದು ಕಡಲು ಸೇರುವ ಜಾಗದಲ್ಲಿ, ಗಾಳಿಮರಗಳ ನಡುವೆ ಡೇರೆ ಹಾಕಿದೆವು. ಎದುರಿಗೆ ಸಣ್ಣ ಕಾಲುವೆಯಷ್ಟು ನೀರು, ಅದರಾಚೆ ಉದ್ದನೆಯ ಮರಳದಿಬ್ಬ, ಅದರ ಮೇಲೆ ಕಣ್ಣು ತುಂಬುವಷ್ಟು ಹಕ್ಕಿ. ಸಂಜೆ ನೀರು ಪಾದ ಮುಳುಗುವಷ್ಟಿತ್ತು. ಬಲೆ ಹೊತ್ತು ಹೊರಟಿದ್ದ ಒಬ್ಬರು, ಹುಣ್ಣಿಮೆಯ ಆಸುಪಾಸು ನೀರು ಜೋರಾಗಿ ಏರುತ್ತದೆ, ಜೋಪಾನ ಎಂದರು. ಅವರು ಅತ್ತ ಹೋದದ್ದೇ ಮಲ್ಲಣ್ಣ, “ಮಳಿ ಇಲ್ಲದ ಹೊಳಿ ಹ್ಯಾಂಗ ಏರ್ತದ್ರಿ? ನಾ ಕಾಗಿಣಾದಾಗ ಈಸಿ ಬೆಳದಂವ” ಎಂದ. ನಾನೂ ತಲೆಯಾಡಿಸಿದೆ. ಮೇಲೆ ಎಲ್ಲೋ ಮಳೆಯಾದರೆ ಹೊಳೆ ಏರುತ್ತದೆ, ಇಲ್ಲದಿದ್ದರೆ ಇಲ್ಲ. ನಾವು ಹುಟ್ಟಿದಾಗಿನಿಂದ ಕಂಡದ್ದು ಅಷ್ಟೇ. ನೀರಿಗೂ ಚಂದ್ರನಿಗೂ ಇರುವ ನಂಟು ಪುಸ್ತಕದಲ್ಲಿ ಓದಿದ್ದು ಪುಸ್ತಕದಲ್ಲೇ ಉಳಿದಿತ್ತು.

ಮರುದಿನ ನಸುಕಿನಲ್ಲಿ ಅವನೊಬ್ಬನೇ ದಿಬ್ಬಕ್ಕೆ ಹೋದ. ನನಗೆ ಮೈ ಬೆಚ್ಚಗಾಗಿತ್ತು, ಮಲಗಿಯೇ ಇದ್ದೆ. ಎದ್ದು ಹೊರಗೆ ಬಂದಾಗ ಬಿಸಿಲು ಬಂದಿದ್ದರೂ ನೀರಿನ ಮೇಲೆ ದಟ್ಟ ಮಂಜು. ಕಾಲುವೆ ಇದ್ದಲ್ಲಿ ಈಗ ಹೊಳೆ. ಕಡಲ ಕಡೆಯಿಂದ ನೀರು ಒಳಕ್ಕೆ ನುಗ್ಗುತ್ತಿತ್ತು. ದಿಬ್ಬ ಕಾಣುತ್ತಲೇ ಇರಲಿಲ್ಲ.

ಕೂಗಲು ಬಾಯಿ ತೆರೆದೆ, ಉಸಿರು ಬಿಟ್ಟರೆ ಏನೂ ಹೊರಡಲಿಲ್ಲ. ನನಗೆ ಈಜು ಬಾರದು. ಅಲ್ಯುಮಿನಿಯಂ ಬೋಗುಣಿಯನ್ನು ಸೌಟಿನಿಂದ ಬಡಿದೆ, ಅಲೆಯ ಮೊರೆತದಲ್ಲಿ ಅದು ನನಗೇ ಸರಿಯಾಗಿ ಕೇಳಲಿಲ್ಲ. ಮಲ್ಲಣ್ಣನ ಹೆಂಡತಿ ಭಾಗಮ್ಮ ಆಗ ಏಳು ತಿಂಗಳ ಬಸುರಿ. ಹೊರಡುವಾಗ, “ಅಣ್ಣಾರ, ನಿಮ್ಮ ಜೋಡಿ ಅಂತ ಕಳಸಾಕತ್ತೀನಿ” ಎಂದಿದ್ದಳು. ಅವಳೆದುರು ಹೋಗಿ ಹೇಗೆ ನಿಲ್ಲಲಿ ಎಂದು ದಂಡೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಎಷ್ಟು ಹೊತ್ತೋ ತಿಳಿಯದು.

ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ನದಿ ಬರುವ ಕಡೆಯಿಂದ, ನಾನು ನಿಂತ ದಂಡೆಯ ಮೇಲೆಯೇ, ಮಲ್ಲಣ್ಣ ನಡೆದು ಬರುತ್ತಿದ್ದ. ಎದೆಮಟ್ಟ ತೊಯ್ದಿದ್ದ, ಹಲ್ಲು ಕಟಕಟ ಅನ್ನುತ್ತಿದ್ದವು.

“ಏನ್ರಿ ಅಣ್ಣಾ, ಗಂಟಲು ಬಿದ್ದದಂತ ನಾಟಕ ಮಾಡಿದ್ರೇನು? ಏನು ದನಿ ಅದು! ಅಲ್ಲಿ ನಿಂತು ಕರದವ್ರು ಇಷ್ಟರಾಗ ಇಲ್ಲಿಗಿ ಹ್ಯಾಂಗ ಬಂದ್ರಿ?”

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಕಾಲಡಿ ನೀರು ಬಂದಾಗ ಸುತ್ತ ಮಂಜಿತ್ತಂತೆ, ದಂಡೆ ಯಾವ ಕಡೆ ಎಂದು ತಿಳಿಯಲಿಲ್ಲವಂತೆ. ಆಗ ನದಿಯ ಮೇಲ್ಗಡೆಯಿಂದ “ಮಲ್ಲೂ, ಈ ಕಡಿ ಬಾ” ಎಂದು ನನ್ನ ದನಿ. ಅವನನ್ನು ಮಲ್ಲೂ ಎನ್ನುವವನು ನಾನೊಬ್ಬನೇ.

“ನಾನೂ ಹೊಳಿ ದಂಡಿಯವನೇ ಅಲ್ಲೇನ್ರಿ? ಎರಡು ಸರ್ತಿ ಸುಮ್ಕ ನಿಂತೆ. ಮೂರನೇ ಸರ್ತಿ ಕರದ್ರಿ, ನಡದೇ ಬಿಟ್ಟೆ. ನೀರಾಗ ಪರಸಿ ಕಲ್ಲು ಹಾಸಿದಂಗ ಬಂಡಿಗಲ್ಲು ಇತ್ತು, ಅದರ ಮ್ಯಾಲೇ ದಾಟಿ ಬಂದೆ.”

“ನಾ ಕೂಗಿಲ್ಲೋ” ಎಂದು ಪಿಸುಗುಟ್ಟಿದೆ.

“ಮಷ್ಕಿರಿ ಸಾಕ್ರಿ, ಚಾ ಮಾಡ್ರಿ” ಎಂದು ಡೇರೆಯೊಳಗೆ ಹೋದ.

ಬೆದರಿದ ಮನಸ್ಸು ಏನೇನೋ ಕೇಳಿಸಿಕೊಳ್ಳುತ್ತದೆ ಎಂದು ನಾನು ಸುಮ್ಮನಾಗಬಹುದಿತ್ತು. ಆದರೆ ಚಿಪ್ಪು ತುಂಬಿದ ಬುಟ್ಟಿ ಹೊತ್ತು ಅದೇ ಮೇಲ್ಗಡೆಯಿಂದ ಒಬ್ಬ ಹೆಂಗಸು ಬಂದಳು. ಅಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ಪಿಸುದನಿಯಲ್ಲೇ ಕೇಳಿದೆ. “ಯಾರೂ ಕಾಣ್ಲಿಲ್ಲ. ಯಾರನ್ನೋ ಕರೀತಿದ್ದದ್ದು ಕೇಳ್ತು, ನೀವೇ ಅಂದ್ಕಂಡೆ” ಎಂದಳು. ನನ್ನ ದನಿ ಕೇಳಿ ಅವಳ ಮುಖ ಬದಲಾಯಿತು. ಬಿರಬಿರನೆ ಹೋದಳು. ಅವರಿಬ್ಬರಿಗೂ ಕೇಳಿದ ಕೂಗು ನನಗೇಕೆ ಕೇಳಲಿಲ್ಲ?

ಇಲ್ಲಿಯೇ ನಾನು ಸಿಕ್ಕಿಕೊಂಡಿರುವುದು. ಆಯಿಯ ಮಾತು ನಂಬಿದರೆ ಮೂರನೇ ಸಲ ಕರೆದದ್ದು ಮನುಷ್ಯನೇ, ಅಂದರೆ ನಾನೇ. ನನ್ನನ್ನು ನಾನು ನಂಬಿದರೆ, ಅಂದು ನನ್ನ ಗಂಟಲಲ್ಲಿ ದನಿಯೇ ಇರಲಿಲ್ಲ.

ಭಾಗಮ್ಮನಿಗೆ ಹೆಣ್ಣು ಹುಟ್ಟಿತು. ಅಂದಿನಿಂದ ಪ್ರತಿ ನಾಗರಪಂಚಮಿಗೆ, ಒಡಹುಟ್ಟಿದ ಅಣ್ಣನಿಗೆ ಕಳಿಸುವಂತೆ, ಮಳಖೇಡದಿಂದ ನನಗೆ ಎಳ್ಳು, ಶೇಂಗಾದ ಉಂಡಿ ಬರುತ್ತವೆ. ಕರೆದವನು ನಾನಲ್ಲ ಎಂದು ಅವಳಿಗೆ ಹೇಳಿ ನೋಡಿದ್ದೇನೆ. “ನೀವಲ್ಲದ ಮತ್ಯಾರು? ಸುಮ್ಕ ತಿನ್ರಿ ಅಣ್ಣಾರ” ಎನ್ನುತ್ತಾಳೆ. ತಿನ್ನುತ್ತೇನೆ. ಆದರೆ ಮೊದಲ ಉಂಡಿ ಎತ್ತಿಕೊಂಡಾಗ ಪ್ರತಿ ವರ್ಷವೂ ಕೈ ಅರೆಗಳಿಗೆ ತಡೆಯುತ್ತದೆ, ಇನ್ನೊಬ್ಬರ ಎಲೆಗೆ ಬಡಿಸಿದ್ದನ್ನು ಉಣ್ಣಲು ಕೂತವನ ಹಾಗೆ.